ಹತ್ತರ ಪಾನಾ, ಹನ್ನೆರಡು ವೋಲ್ಟ್: ಕಾರಿನ ಬ್ಯಾಟರಿ ನೀವೇ ಬದಲಿಸುವ ಸೂತ್ರಗಳು

ಹೊಸಪೇಟೆ ಊರೊಳಗೆ ಕಾರಿನ ಬ್ಯಾಟರಿ ಕೈಕೊಟ್ಟರೆ ದೊಡ್ಡ ಸಂಗತಿಯಲ್ಲ. ಅಂಗಡಿಗೆ ಫೋನ್ ಮಾಡಿದರೆ ಹುಡುಗನೊಬ್ಬ ಬೈಕಿನಲ್ಲಿ ಹೊಸದನ್ನು ಇಟ್ಟುಕೊಂಡು ಬಂದು, ಹಾಕಿಕೊಟ್ಟು, ಹಳೆಯದನ್ನು ಒಯ್ಯುತ್ತಾನೆ. ಅದೇ ಕಾರು ಸಂಡೂರಿನ ಕುಮಾರಸ್ವಾಮಿ ಗುಡ್ಡದ ಮೇಲೋ, ಕಂಪ್ಲಿ ಕಡೆಯ ಗದ್ದೆ ಪಕ್ಕದಲ್ಲೋ, ಭಾನುವಾರ ಸಂಜೆ ಕಮಲಾಪುರದ ಮನೆ ಮುಂದೋ ನಿಂತುಬಿಟ್ಟರೆ ಆ ಹುಡುಗ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಕೆಲಸವಾದರೂ ಏನು, ಹೆಚ್ಚೆಂದರೆ ಅರ್ಧ ಗಂಟೆಯದು. ಪಾನಾ ತಿರುಗಿಸುವುದು ಅದರಲ್ಲಿ ತೀರಾ ಸಣ್ಣ ಭಾಗ. ದುಡ್ಡು ಉಳಿಯುವುದೂ ಹೋಗುವುದೂ ಅದಕ್ಕಿಂತ ಮುಂಚಿನ ತಪಾಸಣೆಯಲ್ಲಿ, ಆಮೇಲಿನ ಕಾಗದಪತ್ರದಲ್ಲಿ. ಅದಕ್ಕೇ ಇಲ್ಲಿ ಬಿಚ್ಚುವ ಮಾತು ತಡವಾಗಿ ಬರುತ್ತದೆ.

1. ತಪ್ಪು ಬ್ಯಾಟರಿಯದೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ.

ಕೀಲಿ ತಿರುಗಿಸಿದಾಗ ಸೆಲ್ಫ್ ಹೊಡೆಯದೆ 'ಟಿಕ್ ಟಿಕ್' ಎಂದು ಬರೀ ಸದ್ದು ಬಂದು, ಮೀಟರಿನ ದೀಪಗಳು ಮಂಕಾದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ಹೆಡ್‌ಲೈಟ್ ಪ್ರಖರವಾಗಿಯೇ ಇದ್ದು ಒಂದೇ ಒಂದು 'ಟಕ್' ಸದ್ದು ಬಂದರೆ ದೋಷ ಸ್ಟಾರ್ಟರ್ ಮೋಟಾರಿನದೋ ಅದರ ವೈರಿನದೋ ಇರಬಹುದು. ಇಂಜಿನ್ ಗರಗರ ಚೆನ್ನಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿಯನ್ನು ಬಿಟ್ಟು ಪೆಟ್ರೋಲ್ ಇದೆಯೇ ನೋಡಿ. ನಗಬೇಡಿ, ಹೊಸ ಬ್ಯಾಟರಿ ಕೊಂಡ ಮೇಲೆ ಟ್ಯಾಂಕ್ ನೋಡಿದವರೂ ಇದ್ದಾರೆ.

2. ಟರ್ಮಿನಲ್ ಅಲ್ಲಾಡಿಸಿ ನೋಡಿ.

ಕೈಯಲ್ಲಿ ಹಿಡಿದು ತಿರುಗಿಸಿದರೆ ಕ್ಲ್ಯಾಂಪ್ ಅಲುಗಾಡುತ್ತದೆಯೇ? ಅದರ ಮೇಲೆ ಬಿಳಿ, ಹಸಿರು ಹುಡಿ ಕಟ್ಟಿದೆಯೇ? ಹಾಗಿದ್ದರೆ ನಿಮಗೆ ಬೇಕಾದದ್ದು ಬ್ಯಾಟರಿಯಲ್ಲ, ಒಂದು ಚಮಚ ಅಡುಗೆ ಸೋಡಾ. ಕೇಬಲ್ ಬಿಚ್ಚಿ (ಹೇಗೆ ಎಂಬುದು 10ನೇ ಸೂತ್ರದಲ್ಲಿದೆ) ಬಿಸಿನೀರಿಗೆ ಸೋಡಾ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ನೊರೆ ಬಂದರೆ ಆಸಿಡ್ ಸಾಯುತ್ತಿದೆ ಎಂದರ್ಥ. ಬ್ಯಾಟರಿಗೆ ಮುಚ್ಚಳಗಳಿದ್ದರೆ ಆ ನೀರು ಒಳಗೆ ಹೋಗದಂತೆ ನೋಡಿಕೊಳ್ಳಿ. ಒರೆಸಿ, ಬಿಗಿ ಮಾಡಿ, ಇನ್ನೊಮ್ಮೆ ಕೀಲಿ ತಿರುಗಿಸಿ.

3. ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ.

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಸಾಮಾನು. ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಗ್ಗೆ ನೋಡಿದ ಅಂಕಿಯೇ ನಿಜವಾದ ಅಂಕಿ. ಓಡಿಸಿ ತಂದ ಕೂಡಲೇ ನೋಡಿದರೆ ಅದು ಸುಳ್ಳೇ ಹೇಳುತ್ತದೆ.

ಬ್ಯಾಟರಿಯೊಳಗೆ ಆರು ಸೆಲ್‌ಗಳು, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಆದ್ದರಿಂದ ಪೂರ್ತಿ ತುಂಬಿದ ಬ್ಯಾಟರಿ 12.6 ತೋರಿಸುತ್ತದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಖಾಲಿಯೆಂದೇ ಲೆಕ್ಕ. ಖಾಲಿಯಾದದ್ದೆಲ್ಲ ಸತ್ತದ್ದಲ್ಲ, ಚಾರ್ಜ್‌ಗೆ ಹಾಕಿದರೆ ಎದ್ದು ಕೂರಬಹುದು. ಸತ್ತದ್ದನ್ನು ಗುರುತಿಸುವ ಬಗೆ ಬೇರೆ: ಪೂರ್ತಿ ಚಾರ್ಜ್ ಮಾಡಿದ ಮೇಲೂ ಸೆಲ್ಫ್ ಹೊಡೆಯುವ ಹೊತ್ತಿಗೆ ಮೀಟರ್ 9.6ರ ಕೆಳಗೆ ಕುಸಿದರೆ ಅದರ ಕಾಲ ಮುಗಿಯಿತು.

ಮೇಲೆ ಹಸಿರು ಕಣ್ಣಿನಂಥ ಗಾಜು ಇರುವ ಬ್ಯಾಟರಿಗಳಿವೆಯಲ್ಲ, ಅದನ್ನೊಂದೇ ನಂಬಬೇಡಿ. ಆ ಕಣ್ಣು ಇರುವುದು ಆರರಲ್ಲಿ ಒಂದು ಸೆಲ್ಲಿಗೆ. ಉಳಿದ ಐದರ ಕಥೆ ಅದಕ್ಕೆ ಗೊತ್ತಿಲ್ಲ.

4. ಡೈನಮೋ (ಆಲ್ಟರ್ನೇಟರ್) ಕೆಲಸ ಮಾಡುತ್ತಿದೆಯೇ ನೋಡದೆ ದುಡ್ಡು ಬಿಚ್ಚಬೇಡಿ.

ಗಾಡಿ ಹೇಗೋ ಸ್ಟಾರ್ಟ್ ಆಯಿತು ಎನ್ನಿ. ಇಂಜಿನ್ ಓಡುತ್ತಿರುವಾಗಲೇ ಅದೇ ಎರಡು ಕಡ್ಡಿ ಇಟ್ಟು ನೋಡಿ. 13.8ರಿಂದ 14.4ರ ಆಸುಪಾಸು ಬಂದರೆ ಆಲ್ಟರ್ನೇಟರ್ ಸರಿಯಿದೆ. 12.5ಕ್ಕೇ ನಿಂತಿದ್ದರೆ ಅದು ಬ್ಯಾಟರಿಯನ್ನು ತುಂಬಿಸುತ್ತಿಲ್ಲ, ನೀವು ಹಾಕುವ ಹೊಸ ಬ್ಯಾಟರಿಯೂ ಎರಡು ದಿನಕ್ಕೆ ಮಲಗುತ್ತದೆ. 15 ದಾಟಿದರೆ ಬ್ಯಾಟರಿಯನ್ನು ಕುದಿಸುತ್ತಿದೆ, ಮೊದಲು ಅದರ ರಿಪೇರಿ. ಕೆಲವು ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಚಾರ್ಜಿಂಗನ್ನು ಏರಿಸಿ ಇಳಿಸುತ್ತದೆ, ಅಂಥದರಲ್ಲಿ ಹೆಡ್‌ಲೈಟ್ ಹಾಕಿ ನೋಡಿದರೆ ಸರಿಯಾದ ಅಂಕಿ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ಪಟ್ಟಿಯಲ್ಲಿ ಹೆಚ್ಚು ದುಡ್ಡು ಉಳಿಸುವುದು ಈ ಒಂದು ಸೂತ್ರ. ಬೈಕಿನ ಮೇಲೆ ಬಂದ ಹುಡುಗ ಅವಸರದಲ್ಲಿದ್ದರೆ ಬಿಟ್ಟುಬಿಡುವುದೂ ಇದನ್ನೇ.

5. ಬ್ಯಾಟರಿಯನ್ನು ಕೊಲ್ಲುವುದು ನಮ್ಮ ಬೇಸಿಗೆ, ಸುದ್ದಿ ಬರುವುದು ಮಳೆಗಾಲದಲ್ಲಿ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬಾನೆಟ್ ಕೆಳಗೆ ಇನ್ನೂ ಹೆಚ್ಚು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಒಳಗಿನ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಸೀಸದ ತಗಡುಗಳು ಸವೆದುಹೋಗುವ ವೇಗವೂ ಹಾಗೆಯೇ. ಹಂಪಿಯ ಬಂಡೆಗಳ ನಡುವಿನ ಬಯಲಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಆಸುಪಾಸು ಒಂದು ಶಿಫ್ಟ್ ಪೂರ್ತಿ ಬಿಸಿಲಲ್ಲಿ ನಿಂತ ಕಾರುಗಳಿಗೆ ಕೇಳುವುದೇ ಬೇಡ. ಬೇಸಿಗೆಯಲ್ಲಿ ಇಂಜಿನ್ ಹಗುರವಾಗಿ ತಿರುಗುವುದರಿಂದ ದುರ್ಬಲ ಬ್ಯಾಟರಿಯೂ ಹೇಗೋ ನಿಭಾಯಿಸುತ್ತದೆ. ಜುಲೈನ ಒಂದು ತಣ್ಣನೆಯ ಬೆಳಗ್ಗೆ, ವೈಪರ್, ಲೈಟು, ಫ್ಯಾನು ಎಲ್ಲ ಒಟ್ಟಿಗೆ ಬೇಕಾದಾಗ ಕೈಚೆಲ್ಲುತ್ತದೆ. ಬ್ಯಾಟರಿಗೆ ಮೂರು ವರ್ಷ ದಾಟಿದ್ದರೆ ಜೂನ್ ಮೊದಲ ವಾರ ಮೀಟರ್ ಹಿಡಿದು ನೋಡಿ. ನೆರಳು ಸಿಕ್ಕ ಕಡೆ ನಿಲ್ಲಿಸಿ. ನಾಲ್ಕು ಹೆಜ್ಜೆ ನಡೆದರೆ ನಷ್ಟವಿಲ್ಲ.

6. ಸಂಡೂರಿನ ಕೆಂಪು ಧೂಳನ್ನು ಒರೆಸಿ.

ದೋಣಿಮಲೈ ಕಡೆ, ಅದಿರು ಲಾರಿಗಳ ದಾರಿಯಲ್ಲಿ ದಿನಾ ಓಡಾಡುವ ಗಾಡಿಯ ಬಾನೆಟ್ ಎತ್ತಿದರೆ ಬ್ಯಾಟರಿಯ ಬಣ್ಣವೇ ಕಾಣುವುದಿಲ್ಲ. ಒಣಧೂಳು ಅಷ್ಟು ಕೆಡುಕಲ್ಲ. ಮಳೆಯ ತೇವವೂ ಬ್ಯಾಟರಿ ಉಸುರುವ ಆಸಿಡ್ ಆವಿಯೂ ಸೇರಿದಾಗ ಅದು ಪ್ಲಸ್‌ನಿಂದ ಮೈನಸ್‌ಗೆ ತೆಳ್ಳನೆಯ ದಾರಿಯಾಗಿ, ಗಾಡಿ ನಿಂತಲ್ಲೇ ಚಾರ್ಜ್ ಸೋರುತ್ತದೆ. ಪರೀಕ್ಷೆ ಸುಲಭ: ಮೀಟರಿನ ಕಪ್ಪು ಕಡ್ಡಿ ಮೈನಸ್ ಟರ್ಮಿನಲ್ ಮೇಲಿಟ್ಟು, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಾಸ್ಟಿಕ್ ಮೈಮೇಲೆ ಅಲ್ಲಲ್ಲಿ ತಾಗಿಸಿ. ವೋಲ್ಟ್ ತೋರಿಸಿತೆಂದರೆ ಸೋರಿಕೆ ಇದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ. ಪ್ರೆಶರ್ ವಾಟರ್ ಬಾನೆಟ್ ಒಳಗೆ ಬೇಡ.

ಕಂಪ್ಲಿ ಕಡೆಯವರಿಗೆ ಧೂಳಿಗಿಂತ ಇಲಿ ಕಾಟ. ಭತ್ತದ ಕಣದ ಬಳಿ ನಾಲ್ಕು ದಿನ ನಿಂತ ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ವೈರುಗಳನ್ನು ನೋಡಿ.

7. ಹೊಸದನ್ನು ಕೊಳ್ಳುವಾಗ ಹಳೆಯದರ ಮೇಲಿನ ಅಕ್ಷರಗಳನ್ನು ಫೋಟೊ ಹೊಡೆದುಕೊಂಡು ಹೋಗಿ.

'38ಬಿ20ಎಲ್' ಎಂಬ ಬರಹ ಮಂತ್ರದಂತೆ ಕಂಡರೂ ಬಿಡಿಸುವುದು ಕಷ್ಟವಲ್ಲ. ಇದು ಜಪಾನಿ ಪದ್ಧತಿ. 38 ಅದರ ಸಾಮರ್ಥ್ಯದ ದರ್ಜೆ, ಬಿ ಅಗಲ-ಎತ್ತರದ ವರ್ಗ, 20 ಎಂದರೆ ಉದ್ದ ಸುಮಾರು 20 ಸೆಂಟಿಮೀಟರ್, ಕೊನೆಯ ಎಲ್ ಅಥವಾ ಆರ್ ಟರ್ಮಿನಲ್ ಯಾವ ಬದಿಗಿದೆ ಎಂಬುದು. ಈ ಕೊನೆಯ ಅಕ್ಷರ ತಪ್ಪಿದರೆ ಬ್ಯಾಟರಿ ಟ್ರೇಯಲ್ಲಿ ಚೆನ್ನಾಗಿಯೇ ಕೂರುತ್ತದೆ, ಕೇಬಲ್ ಮಾತ್ರ ಮುಟ್ಟುವುದಿಲ್ಲ. ಎಳೆದು ಮುಟ್ಟಿಸುವ ಸಾಹಸ ಬೇಡ. ಸಣ್ಣ ಮಾರುತಿ ಕಾರುಗಳಲ್ಲಿ ಈ 38ಬಿ20 ಸಾಮಾನ್ಯ ಅಳತೆ. 'ಡಿನ್' ಎಂದು ಬರೆದದ್ದು ಜರ್ಮನ್ ಪದ್ಧತಿ, ಅದರ ಟರ್ಮಿನಲ್ ಕಂಬ ದಪ್ಪ. ಒಂದರ ಕ್ಲ್ಯಾಂಪು ಇನ್ನೊಂದಕ್ಕೆ ಸರಿಹೊಂದುವುದಿಲ್ಲ.

ಆಮೇಲೆ ತಯಾರಿಕೆಯ ತಿಂಗಳು. ಸೀಸ-ಆಸಿಡ್ ಬ್ಯಾಟರಿ ಅಂಗಡಿಯ ಕಪಾಟಿನಲ್ಲಿ ಕುಳಿತೇ ಚಾರ್ಜ್ ಕಳೆದುಕೊಳ್ಳುತ್ತದೆ, ನಮ್ಮ ಸೆಕೆಯಲ್ಲಿ ಇನ್ನಷ್ಟು ಬೇಗ. ಆರು ತಿಂಗಳಿಗಿಂತ ಹಳೆಯದಾದರೆ ಬೇರೆ ಕೇಳಿ. ಮಾಲು ಬೇಗ ಖಾಲಿಯಾಗುವ ಅಂಗಡಿಯಲ್ಲಿ ಕೊಂಡರೆ ಒಳ್ಳೆಯದು ಎನ್ನುವುದು ಇದಕ್ಕೇ. ಕೊಡುವ ಮುನ್ನ ಅಲ್ಲೇ ಮೀಟರ್ ಹಿಡಿಯಲು ಹೇಳಿ. 12.5 ಆದರೂ ಇರಬೇಕು.

8. ಬಿಲ್ಲು, ಕಾರ್ಡು, ಮುದ್ರೆ.

ವಾರಂಟಿಯಲ್ಲಿ ಸಾಮಾನ್ಯವಾಗಿ ಎರಡು ಭಾಗ. ಮೊದಲ ಅವಧಿಯಲ್ಲಿ ಕೆಟ್ಟರೆ ಪುಕ್ಕಟೆ ಬದಲಿ, ಎರಡನೆಯದರಲ್ಲಿ ಬೆಲೆಯಲ್ಲಿ ರಿಯಾಯಿತಿ ಅಷ್ಟೆ. '48 ತಿಂಗಳು' ಎಂದು ದೊಡ್ಡಕ್ಷರದಲ್ಲಿ ಬರೆದದ್ದು ಇವೆರಡನ್ನೂ ಕೂಡಿಸಿದ ಲೆಕ್ಕವಿರಬಹುದು. ಎಷ್ಟು ತಿಂಗಳು ಪುಕ್ಕಟೆ ಎಂದು ಬಾಯಿಬಿಟ್ಟು ಕೇಳಿ. ಕೆಎ-35 ಎಂದು ಶುರುವಾಗುವ ನಿಮ್ಮ ಗಾಡಿ ನಂಬರು, ಬ್ಯಾಟರಿಯ ಕ್ರಮಸಂಖ್ಯೆ, ತಾರೀಕು ಮೂರೂ ಕಾರ್ಡಿನಲ್ಲಿ ಬರೆಸಿ, ಮುದ್ರೆ ಹಾಕಿಸಿ, ಫೋಟೊ ಹೊಡೆದು ಇಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಇಂಥ ಬ್ಯಾಟರಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದು ಕಾಣಬೇಕು.

9. ಮನೆಯ ಇನ್ವರ್ಟರ್ ಬ್ಯಾಟರಿ ಕಾರಿಗೆ ಬೇಡ, ಕಾರಿನದು ಇನ್ವರ್ಟರಿಗೆ ಬೇಡ.

ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಪ್ರವಾಸಿಗರನ್ನು ಒಯ್ಯುವ ಬ್ಯಾಟರಿ ಗಾಡಿಗಳನ್ನು ನೋಡಿದ್ದೀರಿ. ಅಂಥ ಗಾಡಿಗೂ ಮನೆಯ ಇನ್ವರ್ಟರಿಗೂ ಬೇಕಾದದ್ದು ಗಂಟೆಗಟ್ಟಲೆ ಒಂದೇ ಸಮನೆ ಕರೆಂಟ್ ಕೊಟ್ಟು, ಅರ್ಧಕ್ಕಿಂತ ಕೆಳಗಿಳಿದು, ಮತ್ತೆ ತುಂಬಿಸಿಕೊಳ್ಳುವ ತಾಳ್ಮೆಯ ಬ್ಯಾಟರಿ. ನಿಮ್ಮ ಕಾರಿನದು ಅದಕ್ಕೆ ತದ್ವಿರುದ್ಧ: ಎರಡು ಮೂರು ಸೆಕೆಂಡು ನೂರಾರು ಆಂಪಿಯರ್ ಒಮ್ಮೆಲೆ ಕೊಟ್ಟು ಸುಮ್ಮನಾಗುವುದು ಅದರ ಕೆಲಸ. ಅದಕ್ಕೆಂದೇ ಒಳಗೆ ತೆಳ್ಳನೆಯ ತಗಡುಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ. ಗಣಪತಿ ಮೆರವಣಿಗೆಯ ದೀಪಕ್ಕೋ, ಹೊಲದ ಬೇಲಿಯ ಝಟ್ಕಾ ಯಂತ್ರಕ್ಕೋ ಅದನ್ನು ಬಿಚ್ಚಿ ಕೊಟ್ಟು ಪೂರ್ತಿ ಖಾಲಿ ಮಾಡಿಸಿದರೆ ಕೆಲವೇ ಸಲದಲ್ಲಿ ಅದು ಕೆಲಸಕ್ಕೆ ಬಾರದಂತಾಗುತ್ತದೆ.

10. ಬಿಚ್ಚುವಾಗ ಮೈನಸ್ ಮೊದಲು. ಹಾಕುವಾಗ ಮೈನಸ್ ಕೊನೆಗೆ.

ಈ ಇಡೀ ಬರಹದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಕಾರಿನ ಇಡೀ ಕಬ್ಬಿಣದ ಮೈ ಮೈನಸ್‌ಗೆ ಸೇರಿದೆ. ಮೈನಸ್ ಇದ್ದಂತೆಯೇ ನೀವು ಪ್ಲಸ್ ಬಿಚ್ಚಲು ಹೋದಿರಿ, ಪಾನಾದ ಇನ್ನೊಂದು ತುದಿ ಬಾಡಿಗೆ ತಾಗಿತು ಎನ್ನಿ: ನೂರಾರು ಆಂಪಿಯರ್ ನಿಮ್ಮ ಕೈಯಲ್ಲಿರುವ ಪಾನಾದ ಮೂಲಕ ಹರಿಯುತ್ತದೆ. ಕಿಡಿ ಹಾರುತ್ತದೆ, ಪಾನಾ ಕಾದು ಅಂಟಿಕೊಳ್ಳುತ್ತದೆ, ಚಾರ್ಜ್ ಆಗುವಾಗ ಹೊರಬಂದ ಹೈಡ್ರೋಜನ್ ಸುತ್ತ ನಿಂತಿದ್ದರೆ ಬ್ಯಾಟರಿಯೇ ಸಿಡಿಯಬಹುದು. ಮೈನಸ್ ಮೊದಲು ಬಿಚ್ಚಿಟ್ಟರೆ ಆಮೇಲೆ ಪ್ಲಸ್ ಬಿಚ್ಚುವಾಗ ಪಾನಾ ಕಾರಿನ ಮೈಗೆ ತಾಗಿದರೂ ಏನೂ ಆಗದು.

ಅದಕ್ಕೂ ಮುಂಚೆ: ಕೀಲಿ ತೆಗೆದು ಜೇಬಿಗೆ ಹಾಕಿ, ಐದು ನಿಮಿಷ ಕಾಯಿರಿ, ಗಾಡಿಯ ಕಂಪ್ಯೂಟರ್ ಮಲಗಲಿ. ಕೀಲಿಯನ್ನು ಒಳಗೆ ಬಿಟ್ಟು ಬಾಗಿಲು ಹಾಕಬೇಡಿ, ಡಿಕ್ಕಿ ತೆಗೆದಿಟ್ಟರೂ ಸರಿ, ಒಂದು ಕಿಟಕಿ ಇಳಿಸಿಟ್ಟರೂ ಸರಿ. ಉಂಗುರ, ಬಳೆ, ಕೈಗಡಿಯಾರ, ಇಳಿಬಿದ್ದ ಸರ ತೆಗೆದಿಡಿ. ಬೀಡಿ, ಸಿಗರೇಟು ದೂರ. ರಬ್ಬರ್ ಕೈಗವಸು, ಒಂದು ಕನ್ನಡಕ. ಆಸಿಡ್ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಬರೀ ನೀರಲ್ಲಿ ತೊಳೆದು ಆಸ್ಪತ್ರೆಗೆ ಓಡಿ. ಸೋಡಾ ಗೀಡಾ ಕಣ್ಣಿಗೆ ಹಾಕಬೇಡಿ.

11. ಹೊಡೆಯಬೇಡಿ, ಎಳೆಯಬೇಡಿ.

ಬಹುತೇಕ ಕಾರುಗಳಿಗೆ ಹತ್ತರ ಪಾನಾ ಸಾಕು, ಬ್ಯಾಟರಿಯನ್ನು ಟ್ರೇಗೆ ಹಿಡಿದಿಡುವ ಕೆಳಗಿನ ಕ್ಲ್ಯಾಂಪಿಗೆ ಕೆಲವೊಮ್ಮೆ ಉದ್ದ ಸಾಕೆಟ್ ಬೇಕಾಗುತ್ತದೆ. ಟರ್ಮಿನಲ್ಲಿನ ಕ್ಲ್ಯಾಂಪ್ ಬರದಿದ್ದರೆ ಅತ್ತಿತ್ತ ತಿರುಚಿ ಸಡಿಲಿಸಿ. ಸುತ್ತಿಗೆಯಲ್ಲಿ ತಟ್ಟಿದರೆ ಒಳಗಿನ ತಗಡಿನ ಬೆಸುಗೆಗೆ ಪೆಟ್ಟು. ಹೊಸ ಗಾಡಿಗಳಲ್ಲಿ ಪ್ಲಸ್ ಕ್ಲ್ಯಾಂಪಿನ ಮೇಲೇ ಫ್ಯೂಸ್ ಪೆಟ್ಟಿಗೆ, ಮೈನಸ್ ಮೇಲೆ ಕರೆಂಟ್ ಅಳೆಯುವ ಸಣ್ಣ ಸೆನ್ಸರ್ ಇರುತ್ತದೆ; ಅವು ಪ್ಲಾಸ್ಟಿಕ್, ಮುರಿದರೆ ಬ್ಯಾಟರಿಯಷ್ಟೇ ದುಡ್ಡು. ಬಿಚ್ಚಿದ ಕೇಬಲ್ ತುದಿಗೆ ಹಳೆಯ ಬಟ್ಟೆ ಸುತ್ತಿಡಿ. ಎತ್ತುವಾಗ ಎರಡೂ ಕೈ ತಳಕ್ಕೆ ಹಾಕಿ, ನೆಟ್ಟಗೆ. ಸಣ್ಣ ಪೆಟ್ರೋಲ್ ಕಾರಿನದು ಹತ್ತು ಕಿಲೋ ಆಸುಪಾಸು, ಡೀಸೆಲ್ ಗಾಡಿಯದು ಹದಿನೈದಕ್ಕೂ ಮೇಲೆ. ಸೊಂಟ ಹಿಡಿದುಕೊಂಡವರು ಮನೆಯ ಹುಡುಗರನ್ನು ಕರೆಯಿರಿ.

ಟ್ರೇ ಖಾಲಿಯಿರುವಾಗಲೇ ಸೋಡಾನೀರಲ್ಲಿ ತೊಳೆದು ಒಣಗಿಸಿ. ಇಂಥ ಅವಕಾಶ ಇನ್ನು ಮೂರು ವರ್ಷ ಸಿಗುವುದಿಲ್ಲ.

12. ಹೊಸದನ್ನು ಕಟ್ಟಿ ಕೂರಿಸಿ.

ಹೊಸ ಬ್ಯಾಟರಿ ಇಳಿಸಿ, ಪ್ಲಸ್ ಪಕ್ಕಕ್ಕೆ ಪ್ಲಸ್ ಕೇಬಲ್ ಇದೆಯೇ ಎಂದು ಎರಡು ಸಲ ನೋಡಿ, ಮೊದಲು ಕೆಳಗಿನ ಕ್ಲ್ಯಾಂಪ್ ಬಿಗಿ ಮಾಡಿ. ಜನ ಟರ್ಮಿನಲ್ಲಿಗೆ ಕೊಡುವ ಮರ್ಯಾದೆಯನ್ನು ಈ ಕ್ಲ್ಯಾಂಪಿಗೆ ಕೊಡುವುದಿಲ್ಲ. ಅದಿರು ಲಾರಿ ಓಡಾಡಿ ಕೆಟ್ಟ ರಸ್ತೆಯಲ್ಲಿ ಸಡಿಲ ಬ್ಯಾಟರಿ ಕುಲುಕಿ ಕುಲುಕಿ ತಗಡಿನ ಮೇಲಿನ ಲೇಪ ಉದುರುತ್ತದೆ, ತಳದಲ್ಲಿ ಸೇರಿ ಒಳಗೊಳಗೇ ಶಾರ್ಟ್ ಆಗುತ್ತದೆ. ಆಮೇಲೆ ಪ್ಲಸ್, ಕೊನೆಗೆ ಮೈನಸ್. ಮೈನಸ್ ತಾಗಿಸುವಾಗ ಸಣ್ಣ ಕಿಡಿ ಬರುವುದು ಸಹಜ. ದೊಡ್ಡ ಕಿಡಿ ಬಂದರೆ ನಿಲ್ಲಿಸಿ, ಒಳಗೆ ಏನೋ ಆನ್ ಇದೆ. ಬಿಗಿ ಎಂದರೆ ಕೈಯಲ್ಲಿ ತಿರುಗಬಾರದು ಅಷ್ಟೆ. ಸೀಸ ಮೆತ್ತನೆಯ ಲೋಹ, ಶಕ್ತಿ ಪ್ರದರ್ಶನ ಬೇಡ. ಎಲ್ಲ ಮುಗಿದ ಮೇಲೆ ಟರ್ಮಿನಲ್ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ, ಕೆಂಪು ಮುಚ್ಚಳ ಹಾಕಿ.

ಬ್ಯಾಟರಿ ಬಿಚ್ಚಿದ್ದರಿಂದ ಕಾರಿನ ಗಡಿಯಾರ ತಪ್ಪಾಗಿರುತ್ತದೆ. ಕಿಟಕಿ ಒಂದೇ ಒತ್ತಿಗೆ ಏರುವುದು ನಿಂತಿರಬಹುದು. ಪೂರ್ತಿ ಏರಿಸಿ ಕೆಲವು ಸೆಕೆಂಡ್ ಗುಂಡಿ ಒತ್ತಿಹಿಡಿದರೆ ಹೆಚ್ಚಿನ ಗಾಡಿಗಳಲ್ಲಿ ಸರಿಹೋಗುತ್ತದೆ. ಇಂಜಿನ್ ಒಂದೆರಡು ದಿನ ಸ್ವಲ್ಪ ಏರುಪೇರಾಗಿ ಓಡಿದರೆ ಹೆದರಬೇಡಿ. ಮ್ಯೂಸಿಕ್ ಸಿಸ್ಟಮ್ ಕೋಡ್ ಕೇಳುವ ಗಾಡಿಯಾದರೆ ಆ ನಂಬರು ಮೊದಲೇ ಹುಡುಕಿಟ್ಟುಕೊಂಡಿರಬೇಕು.

13. ಇವಕ್ಕೆ ಕೈಹಾಕಬೇಡಿ.

ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಗಾಡಿಗೆ ಮಾಮೂಲಿ ಬ್ಯಾಟರಿ ಹಾಕಿದರೆ ಬಾಳುವುದಿಲ್ಲ. ಅದಕ್ಕೆ ಇಎಫ್‌ಬಿ ಅಥವಾ ಎಜಿಎಂ ಎಂಬ ಬಗೆಯದೇ ಬೇಕು, ಕೆಲವದಕ್ಕೆ ಹೊಸ ಬ್ಯಾಟರಿಯನ್ನು ಕಂಪ್ಯೂಟರಿಗೆ ಪರಿಚಯಿಸಬೇಕು. ಮಾರುತಿಯ ಸ್ಮಾರ್ಟ್ ಹೈಬ್ರಿಡ್ ಗಾಡಿಗಳಲ್ಲಿ ಸೀಟಿನ ಕೆಳಗೆ ಇನ್ನೊಂದು ಲಿಥಿಯಂ ಬ್ಯಾಟರಿ ಇರುವುದುಂಟು, ಅದು ನಿಮ್ಮ ಕೆಲಸವಲ್ಲ. ವಿದ್ಯುತ್ ಕಾರುಗಳಲ್ಲೂ 12 ವೋಲ್ಟಿನ ಪುಟ್ಟ ಬ್ಯಾಟರಿ ಒಂದಿರುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಕೈ ಹಿಂದಕ್ಕೆ.

14. ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಮೈನಸ್ ಬಿಚ್ಚಿಡಿ.

ಮಕ್ಕಳು ಬೆಂಗಳೂರಿನಲ್ಲಿ, ಕಾರು ಇಲ್ಲಿ, ಕವರ್ ಹೊದ್ದು ದೀಪಾವಳಿಗೆ ಕಾಯುತ್ತಿದೆ. ಲಾಕ್, ಅಲಾರಂ, ಕಂಪ್ಯೂಟರು ಎಲ್ಲ ಸೇರಿ ಹನಿಹನಿಯಾಗಿ ಕರೆಂಟ್ ಕುಡಿಯುತ್ತಲೇ ಇರುತ್ತವೆ. ವಾರಕ್ಕೊಮ್ಮೆ ಐದು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿ ಬಂದ್ ಮಾಡುವುದು ಒಳ್ಳೆಯ ಅಭ್ಯಾಸವೆಂದು ಹಲವರು ತಿಳಿದಿದ್ದಾರೆ. ಸೆಲ್ಫ್ ತಿಂದ ಚಾರ್ಜ್ ಅಷ್ಟರಲ್ಲಿ ಸರಿಯಾಗಿ ತುಂಬುವುದಿಲ್ಲ. ಸ್ಟಾರ್ಟ್ ಮಾಡಿದಿರೋ, ತುಂಗಭದ್ರಾ (ಟಿ.ಬಿ.) ಡ್ಯಾಂ ಕಡೆಗೋ ಹಂಪಿ ಕಡೆಗೋ ಅರ್ಧ ಮುಕ್ಕಾಲು ಗಂಟೆ ಓಡಿಸಿಕೊಂಡು ಬನ್ನಿ.

15. ಜಂಪ್ ಕೇಬಲ್ ಡಿಕ್ಕಿಯಲ್ಲಿರಲಿ.

ಕೆಂಪು ಕೇಬಲ್ ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಇಂಜಿನ್ನಿನ ಬರಿಯ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ತೆಗೆಯುವಾಗ ಇದೇ ಕ್ರಮ ಹಿಂದುಮುಂದು. ಲಾರಿ 24 ವೋಲ್ಟಿನದು, ಡ್ರೈವರಣ್ಣ ಎಷ್ಟೇ ಒಳ್ಳೆಯವರಿದ್ದರೂ ಅದರಿಂದ ಜಂಪ್ ತೆಗೆದುಕೊಳ್ಳಬೇಡಿ.

16. ಹಳೆಯದನ್ನು ಗುಜರಿಗೆ ಹಾಕಬೇಡಿ, ಅಂಗಡಿಗೆ ಕೊಡಿ.

ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ, ಅದನ್ನು ಮತ್ತೆ ಮತ್ತೆ ಕರಗಿಸಿ ಬಳಸಬಹುದು. ಅದಕ್ಕೇ ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿತ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಅದನ್ನು ಬೇರೆ ಕಸದೊಂದಿಗೆ ಬೆರೆಸದೆ ಕೊಡುವ ಹೊಣೆ ನಮ್ಮದು. ಗುಜರಿಯವರು ನೂರಿನ್ನೂರು ಹೆಚ್ಚು ಕೊಟ್ಟಾರು. ಆ ಬ್ಯಾಟರಿ ಊರಾಚೆಯ ಯಾವುದೋ ಬಯಲು ಭಟ್ಟಿಗೆ ಹೋದರೆ ಆಸಿಡ್ ನೆಲಕ್ಕೆ, ಸೀಸದ ಹೊಗೆ ಸುತ್ತಲಿನ ಮಕ್ಕಳ ರಕ್ತಕ್ಕೆ. ಬೆಳೆಯುವ ಮಿದುಳಿಗೆ ಸೀಸದಷ್ಟು ಕೆಟ್ಟದ್ದು ಕಡಿಮೆ.

ಸಂಡೂರಿನಿಂದಲೋ ಕಂಪ್ಲಿಯಿಂದಲೋ ಹೊಸಪೇಟೆಯ ಅಂಗಡಿಗೆ ಸುಮಾರು ಮೂವತ್ತು ಕಿಲೋಮೀಟರ್ ದಾರಿ. ಹಳೆಯ ಬ್ಯಾಟರಿಯನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿ, ಎರಡೂ ಟರ್ಮಿನಲ್ಲಿಗೆ ಟೇಪು ಸುತ್ತಿ, ಉರುಳದಂತೆ ಡಿಕ್ಕಿಯ ಮೂಲೆಗೆ ಒತ್ತಿಡಿ. ಕಂಪ್ಲಿಯಿಂದ ಅಕ್ಕಿ ಮೂಟೆಯೂ ಬರುವುದಿದ್ದರೆ ಅದು ಹಿಂದಿನ ಸೀಟಿನಲ್ಲಿ ಬರಲಿ.